ಬಿಸಿಲಿಲ್ಲದ ವಾರಕ್ಕೆ ಲೆಕ್ಕ ಹಾಕಿ: ದೂರದ ಸೆನ್ಸರ್ ಕೇಂದ್ರಗಳನ್ನು ಮಂಜೂರು ಮಾಡುವವರಿಗೆ ಒಂದು ಬಹಿರಂಗ ಪತ್ರ

ಪರಿಸರ ಮಾಪನ ಕೇಂದ್ರಗಳಿಗೆ ಹಣ ಮಂಜೂರು ಮಾಡುವ, ಅವುಗಳ ಟೆಂಡರ್ ಬರೆಯುವ, ಬಿಲ್ ಪಾಸ್ ಮಾಡುವ ಎಲ್ಲ ಅಧಿಕಾರಿಗಳಿಗೆ,

ನಮಸ್ಕಾರ.

ಕರೆಂಟ್ ಕಂಬ ತಲುಪದ ಜಾಗಗಳಲ್ಲಿ ನೀವು ನಿಲ್ಲಿಸಿರುವ ಯಂತ್ರಗಳ ಬಗ್ಗೆ ಬರೆಯುತ್ತಿದ್ದೇನೆ. ಕಾಡಿನೊಳಗೆ ಹೊಳೆಯ ಮಟ್ಟ ಅಳೆಯುವವು, ಬೆಟ್ಟದ ನೆತ್ತಿಯಲ್ಲಿ ಮಳೆ ಗಾಳಿ ಅಳೆಯುವವು, ಜಾರುವ ಗುಡ್ಡದ ಮಣ್ಣಿನಲ್ಲಿ ನೀರೆಷ್ಟಿದೆ ಎಂದು ನೋಡುವವು, ಗಾಳಿಯಲ್ಲಿನ ಹೊಗೆ ಧೂಳು ಲೆಕ್ಕ ಹಾಕುವವು. ಇವುಗಳಲ್ಲಿ ಹೆಚ್ಚಿನವು ಒಂದು ಸೋಲಾರ್ ಪ್ಯಾನೆಲ್, ಒಂದು ಬ್ಯಾಟರಿ ನಂಬಿಕೊಂಡು ನಿಂತಿವೆ. ಇಂಥವನ್ನು ಕಟ್ಟುವುದು, ಕೆಟ್ಟರೆ ರಿಪೇರಿ ಮಾಡುವುದು, ಅವು ಕಳಿಸಿದ ಅಂಕಿಗಳನ್ನು ಓದುವುದು ನನ್ನ ಕೆಲಸ. ನಿಮ್ಮಲ್ಲಿ ಕೇಳಿಕೊಳ್ಳುವುದು ಮುಖ್ಯವಾಗಿ ಒಂದೇ. ಈ ಕೇಂದ್ರಗಳ ವಿದ್ಯುತ್ತಿನ ಲೆಕ್ಕವನ್ನು ವರ್ಷದ ಸರಾಸರಿ ಬಿಸಿಲಿಗೆ ಹಾಕಬೇಡಿ. ವರ್ಷದಲ್ಲೇ ಅತಿ ಕೆಟ್ಟ ವಾರಕ್ಕೆ ಹಾಕಿ.

ಇವು ನಿಂತುಹೋಗುವ ದಿನ ಯಾವುದು ಅಂತ ಸ್ವಲ್ಪ ಗಮನಿಸಿ. ಬಿಸಿಲು ಚೆನ್ನಾಗಿ ಕಾಯುವಾಗ ಎಲ್ಲ ಕೇಂದ್ರಗಳೂ ಚೆನ್ನಾಗಿಯೇ ನಡೆಯುತ್ತವೆ. ಮೋಡ ಕವಿದು ಎಂಟು ಹತ್ತು ದಿನ ಬಿಡದೆ ಮಳೆ ಸುರಿದಾಗ ಬ್ಯಾಟರಿ ಇಳಿಯುತ್ತದೆ, ಯಂತ್ರ ಆಫ್ ಆಗುತ್ತದೆ. ಹೊಳೆ ಉಕ್ಕುವುದು ಅದೇ ವಾರ. ಗುಡ್ಡ ಕುಸಿಯುವುದೂ ಅದೇ ವಾರ. ಕಾಡ್ಗಿಚ್ಚಿನಲ್ಲೂ ಇದೇ ಕಥೆ. 2020ರ ಸೆಪ್ಟೆಂಬರ್ ಮೊದಲ ಎರಡು ವಾರ ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚಿನ ಹೊಗೆ ಆಕಾಶವನ್ನು ಎಷ್ಟು ಮುಚ್ಚಿತ್ತು ಅಂದರೆ, ಅಲ್ಲಿನ ಸೌರ ವಿದ್ಯುತ್ ಉತ್ಪಾದನೆ ಜುಲೈ ತಿಂಗಳ ಸರಾಸರಿಗಿಂತ ಸುಮಾರು ಶೇ. 30ರಷ್ಟು ಕುಸಿಯಿತು. ಅದು ದೊಡ್ಡ ದೊಡ್ಡ ವಿದ್ಯುತ್ ಸ್ಥಾವರಗಳ ಮಾತು. ಕಾಡಿನಂಚಿನಲ್ಲಿ ಅಂಗೈ ಅಗಲದ ಪ್ಯಾನೆಲ್ ಇಟ್ಟುಕೊಂಡು ಹೊಗೆ ಅಳೆಯುತ್ತಿರುವ ಯಂತ್ರದ ಪಾಡು ಏನಾಗಿರಬೇಕು? ಹೊಗೆ ಜಾಸ್ತಿಯಾದಷ್ಟೂ ಅದರ ಶಕ್ತಿ ಕಡಿಮೆಯಾಗುತ್ತದೆ. ಯಾವ ದಿನಕ್ಕಾಗಿ ಅದನ್ನು ಅಲ್ಲಿ ಇಟ್ಟೆವೋ ಆ ದಿನವೇ ಅದು ಇರುವುದಿಲ್ಲ.

ಹಾಗಂತ ಸೋಲಾರ್ ಬೇಡ ಅಂತ ಹೇಳುತ್ತಿಲ್ಲ. ದೂರದ ಜಾಗಗಳಲ್ಲಿ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ. ಪ್ಯಾನೆಲ್ಲಿನಲ್ಲಿ ಬೆಳಕನ್ನು ವಿದ್ಯುತ್ ಮಾಡುವ ಸಿಲಿಕಾನ್ ಸೌರಕೋಶವನ್ನು ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯ ಜನರಿಗೆ ತೋರಿಸಿದ್ದು 1954ರಲ್ಲಿ. ಆಗ ಅದರ ಮೇಲೆ ಬಿದ್ದ ಬೆಳಕಿನಲ್ಲಿ ಶೇ. 6ರಷ್ಟು ಮಾತ್ರ ವಿದ್ಯುತ್ ಆಗುತ್ತಿತ್ತು. ನಾಲ್ಕೇ ವರ್ಷದಲ್ಲಿ, 1958ರ ಮಾರ್ಚ್ 17ರಂದು, ವ್ಯಾನ್‌ಗಾರ್ಡ್ 1 ಉಪಗ್ರಹ ಸೌರಕೋಶಗಳನ್ನು ಹೊತ್ತು ಬಾಹ್ಯಾಕಾಶಕ್ಕೆ ಹೋಯಿತು. ಅದರಲ್ಲಿ ಸಂಕೇತ ಕಳಿಸುವ ಎರಡು ಟ್ರಾನ್ಸ್‌ಮಿಟರ್ ಇದ್ದವು. ಬರೀ ಬ್ಯಾಟರಿಯಿಂದ ನಡೆಯುತ್ತಿದ್ದದ್ದು ಅದೇ ಜೂನ್‌ನಲ್ಲಿ ನಿಂತಿತು. ಬಿಸಿಲಿನಿಂದ ನಡೆಯುತ್ತಿದ್ದದ್ದು 1964ರವರೆಗೂ ಸಂಕೇತ ಕಳಿಸುತ್ತಲೇ ಇತ್ತು. ಯಾರೂ ಹೋಗಿ ಬ್ಯಾಟರಿ ಬದಲಿಸಲಾಗದ ಜಾಗಕ್ಕೆ ಬಿಸಿಲೇ ಸರಿ ಅನ್ನುವುದು ಅಲ್ಲೇ ಗೊತ್ತಾಯಿತು.

1958ರ ಅದೇ ಮಾರ್ಚ್ ತಿಂಗಳ ಕೊನೆಯಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಜ್ವಾಲಾಮುಖಿಯ ಮೇಲೆ ವಿಜ್ಞಾನಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಅವರ ಯಂತ್ರ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಅಳೆಯಲು ಶುರು ಮಾಡಿತು. ಭೂಮಿ ಬಿಸಿಯಾಗುತ್ತಿರುವ ಬಗ್ಗೆ ಜಗತ್ತು ಇವತ್ತು ಮಾತಾಡುವಾಗ ಮುಂದಿಡುವ ದಾಖಲೆಗಳಲ್ಲಿ ಅದಕ್ಕೆ ಮೊದಲ ಸಾಲಿನ ಜಾಗ. ಆ ಕೇಂದ್ರಕ್ಕೆ ಕರೆಂಟ್ ಲೈನ್ ಇತ್ತು, ರಸ್ತೆಯೂ ಇತ್ತು. 2022ರ ನವೆಂಬರ್ ಕೊನೆಯಲ್ಲಿ ಜ್ವಾಲಾಮುಖಿ ಬಾಯಿ ತೆರೆದಾಗ ಲಾವಾ ಹರಿದು ಎರಡನ್ನೂ ಕಡಿದು ಹಾಕಿತು. ಅಳತೆ ನಿಂತಿತು. ಪಕ್ಕದ ಮೌನಾ ಕೇಯಾ ಶಿಖರದಿಂದ ತಾತ್ಕಾಲಿಕವಾಗಿ ಅಳೆಯಬೇಕಾಯಿತು. ಮೌನಾ ಲೋವಾದಲ್ಲಿ ಕೆಲವು ಉಪಕರಣಗಳು 2023ರಲ್ಲಿ ಮತ್ತೆ ಶುರುವಾದದ್ದು ಸೋಲಾರ್ ಪ್ಯಾನೆಲ್ ಮತ್ತು ಬ್ಯಾಟರಿಗಳಿಂದ. ಕಂಬದ ಕರೆಂಟ್ ಇದೆ, ನಮಗೇನು ಚಿಂತೆ ಅನ್ನುವವರು ಇದನ್ನು ಒಮ್ಮೆ ನೆನಪು ಮಾಡಿಕೊಳ್ಳಬೇಕು.

ಡೀಸೆಲ್ ಜನರೇಟರ್ ಇಟ್ಟರಾಗದೇ ಅಂತ ಕೆಲವರು ಕೇಳುತ್ತಾರೆ. ಇಡಬಹುದು. ಆದರೆ ಶುದ್ಧ ಗಾಳಿ ಅಳೆಯುವ ಕೇಂದ್ರದ ಪಕ್ಕದಲ್ಲೇ ಹೊಗೆ ಬಿಡುವ ಜನರೇಟರ್ ಇಟ್ಟರೆ ನಾವು ಅಳೆಯುವುದು ನಮ್ಮದೇ ಹೊಗೆಯನ್ನು. ಡೀಸೆಲ್ ಹೊತ್ತು ಅಲ್ಲಿಗೆ ಹೋಗಬೇಕಾದ ಕಷ್ಟ ಬೇರೆ.

ಇನ್ನು ಲೆಕ್ಕಕ್ಕೆ ಬರುತ್ತೇನೆ. ಇದನ್ನು ದಯವಿಟ್ಟು ಪೂರ್ತಿ ಓದಿ, ಏಕೆಂದರೆ ಕೇಂದ್ರಗಳು ಸಾಯುವುದು ಕಾಡಿನಲ್ಲಿ ಅಲ್ಲ, ಟೆಂಡರಿನ ಕಾಗದದ ಮೇಲೆ.

ಒಂದು ಸಣ್ಣ ಕೇಂದ್ರ ಸರಾಸರಿ ಅರ್ಧ ವಾಟ್ ಬಳಸುತ್ತದೆ ಅಂತ ಇಟ್ಟುಕೊಳ್ಳಿ. ಅದನ್ನು 24 ಗಂಟೆಯಿಂದ ಗುಣಿಸಿದರೆ ದಿನಕ್ಕೆ 12 ವಾಟ್-ಗಂಟೆ ಬೇಕು. ಈಗ ಪ್ಯಾನೆಲ್ ಹಿಂದೆ ಅಂಟಿಸಿರುವ ಚೀಟಿ ನೋಡಿ. ಅದರಲ್ಲಿ ಬರೆದ ವಾಟ್ ಸುಳ್ಳಲ್ಲ. ಆದರೆ ಅದು ಪ್ರಯೋಗಾಲಯದ ಅಂಕಿ. ಚದರ ಮೀಟರಿಗೆ 1000 ವಾಟ್ ಬೆಳಕು ಬೀಳುತ್ತಿರಬೇಕು, ಕೋಶದ ಬಿಸಿ 25 ಡಿಗ್ರಿ ಇರಬೇಕು. ಒಂದು ದಿನ ಬಿದ್ದ ಬೆಳಕನ್ನೆಲ್ಲ ಕೂಡಿಸಿ, ಅಂಥ ಪೂರ್ಣ ಬಿಸಿಲು ಎಷ್ಟು ಗಂಟೆ ಬಿದ್ದಂತಾಯಿತು ಎಂದು ಎಂಜಿನಿಯರುಗಳು ಲೆಕ್ಕ ಹಾಕುತ್ತಾರೆ. ಒಂದು ಜಾಗದಲ್ಲಿ ವರ್ಷದ ಸರಾಸರಿ 5 ಗಂಟೆ ಅಂತಿಟ್ಟುಕೊಳ್ಳೋಣ. 5 ವಾಟಿನ ಪ್ಯಾನೆಲ್ ಹಾಕಿದರೆ ದಿನಕ್ಕೆ 25 ವಾಟ್-ಗಂಟೆ ಬರುತ್ತದೆ. ಬೇಕಾದದ್ದು 12, ಬರುವುದು 25. ಎರಡು ಪಟ್ಟು ಇದೆಯಲ್ಲ, ಸಾಕು ಅನ್ನಿಸುತ್ತದೆ. ಕಡಿಮೆ ದರ ಹಾಕಿದವರಿಗೆ ಟೆಂಡರ್ ಸಿಗುತ್ತದೆ.

ಈಗ ಮೋಡದ ವಾರ ಬರಲಿ. ದಟ್ಟ ಮೋಡ ಇದ್ದರೆ ಇಡೀ ದಿನ ಸೇರಿ ಒಂದು ಗಂಟೆಯ ಪೂರ್ಣ ಬಿಸಿಲಿನಷ್ಟು ಬೆಳಕು ಸಿಕ್ಕರೂ ಹೆಚ್ಚು. 5 ವಾಟಿನ ಪ್ಯಾನೆಲ್‌ನಿಂದ 5 ವಾಟ್-ಗಂಟೆ. ಪ್ಯಾನೆಲ್ ಮೇಲಿನ ಕೊಳೆ, ತಂತಿ, ಬ್ಯಾಟರಿ ತುಂಬುವುದನ್ನು ಹತೋಟಿಯಲ್ಲಿಡುವ ಚಾರ್ಜ್ ಕಂಟ್ರೋಲರ್, ಬ್ಯಾಟರಿಯೊಳಗೆ ಹೋಗಿ ಬರುವಾಗಿನ ನಷ್ಟ ಎಲ್ಲ ಕಳೆದರೆ ಕೈಗೆ ಸಿಗುವುದು 3. ದಿನಕ್ಕೆ 9 ಕೊರತೆ. ಇಂಥ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟ್, 7 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿ. ಎರಡನ್ನೂ ಗುಣಿಸಿದರೆ, ಕಾಗದದ ಮೇಲೆ ಅದರಲ್ಲಿ 84 ವಾಟ್-ಗಂಟೆ ಇದೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಅದು ಬೇಗ ಹಾಳಾಗುತ್ತದೆ. ಹಾಗಾಗಿ ನಿಜವಾಗಿ ಬಳಸಬಹುದಾದದ್ದು 42. ಐದನೇ ದಿನ ಕೇಂದ್ರ ಸತ್ತಿರುತ್ತದೆ. ಮಳೆ ಆಗಿನ್ನೂ ಬಿಟ್ಟಿರುವುದಿಲ್ಲ.

ಅದೇ ಜಾಗದಲ್ಲಿ 20 ವಾಟಿನ ಪ್ಯಾನೆಲ್ ಇದ್ದಿದ್ದರೆ? ಅದೇ ಒಂದು ಗಂಟೆಯ ಬೆಳಕಿನಲ್ಲಿ, ಅದೇ ನಷ್ಟ ಕಳೆದು, 12 ವಾಟ್-ಗಂಟೆ ಸಿಗುತ್ತಿತ್ತು. ಬೇಕಾದದ್ದೂ 12. ರಾತ್ರಿ ಬ್ಯಾಟರಿಯಿಂದ ತೆಗೆದಷ್ಟು ಹಗಲಲ್ಲಿ ಮತ್ತೆ ತುಂಬುತ್ತಿತ್ತು. ಅದಕ್ಕೂ ಕೆಟ್ಟ ಕಾಲಕ್ಕೆ, ಅಂದರೆ ಬೆಳಕೇ ಇಲ್ಲದ ಹತ್ತು ದಿನಕ್ಕೆ, 120 ವಾಟ್-ಗಂಟೆ ಬೇಕು. ಸೀಸದ ಬ್ಯಾಟರಿಯಾದರೆ 12 ವೋಲ್ಟ್, 20 ಆಂಪಿಯರ್-ಗಂಟೆಯದು ಸಾಕಾಗುತ್ತದೆ. ಇದು ಒಬ್ಬ ಮನುಷ್ಯ ಹೊತ್ತುಕೊಂಡು ಹೋಗಬಹುದಾದ ಭಾರ. ಒಂದು ಕೇಂದ್ರದ ಒಟ್ಟು ಖರ್ಚಿನಲ್ಲಿ ಪ್ಯಾನೆಲ್ ಮತ್ತು ಬ್ಯಾಟರಿಯದು ಸಣ್ಣ ಪಾಲು. ಸೆನ್ಸರ್, ಕಂಬ, ಬುನಾದಿ, ಅಲ್ಲಿಗೆ ಹೋಗಿ ಬರುವ ಖರ್ಚು, ಕೆಲಸಗಾರರ ಕೂಲಿ ಇವೇ ದೊಡ್ಡವು. ದೊಡ್ಡ ಖರ್ಚನ್ನೆಲ್ಲ ಮಾಡಿ ಸಣ್ಣದರಲ್ಲಿ ಉಳಿತಾಯ ಮಾಡಿದರೆ, ಮಾಡಿದ ಖರ್ಚೆಲ್ಲ ಆ ಐದನೇ ದಿನ ವ್ಯರ್ಥವಾಗುತ್ತದೆ ಅಲ್ವಾ?

ಬಿಸಿಲು ಬಂದ ಮೇಲೆ ಏನಾಗುತ್ತದೆ ಎಂಬುದೂ ಲೆಕ್ಕದಲ್ಲಿ ಸೇರಬೇಕು. ಖಾಲಿಯಾದ ಬ್ಯಾಟರಿ ತುಂಬಬೇಕು, ತುಂಬುವಾಗಲೂ ಕೇಂದ್ರ ನಡೆಯುತ್ತಿರಬೇಕು. ಚಿಕ್ಕ ಪ್ಯಾನೆಲ್ ಇದ್ದರೆ ತುಂಬುವುದಕ್ಕೇ ವಾರ ಹಿಡಿಯುತ್ತದೆ. ಅಷ್ಟರಲ್ಲಿ ಮುಂದಿನ ಮೋಡ ಬಂದಿರುತ್ತದೆ.

ಇಷ್ಟೆಲ್ಲ ಸಾಧ್ಯವೇ ಅಂತ ಅನುಮಾನ ಇದ್ದರೆ ಧ್ರುವಗಳ ಕಡೆ ನೋಡಿ. ಗ್ರೀನ್‌ಲ್ಯಾಂಡಿನ ಹಿಮಹಾಸಿನ ಮೇಲೆ, ಅಂಟಾರ್ಕ್ಟಿಕಾದಲ್ಲಿ, ಸೋಲಾರ್ ಮತ್ತು ಬ್ಯಾಟರಿಯಿಂದ ನಡೆಯುವ ಸ್ವಯಂಚಾಲಿತ ಹವಾಮಾನ ಕೇಂದ್ರಗಳಿವೆ. ಅಲ್ಲಿ ಚಳಿಗಾಲದಲ್ಲಿ ಸೂರ್ಯ ವಾರಗಟ್ಟಲೆ, ಕೆಲವು ಕಡೆ ತಿಂಗಳುಗಟ್ಟಲೆ ಹುಟ್ಟುವುದೇ ಇಲ್ಲ. ಬೆಳಕಿದ್ದಾಗ ತುಂಬಿಸಿಕೊಂಡ ಬ್ಯಾಟರಿಯಲ್ಲಿ ಅವು ಆ ಕತ್ತಲೆಯನ್ನು ದಾಟುತ್ತವೆ. ಅದನ್ನು ಕಟ್ಟಿದವರು ಕತ್ತಲೆ ಬರುತ್ತದೆ ಎಂದು ಮೊದಲೇ ಒಪ್ಪಿಕೊಂಡು ಕಟ್ಟಿದರು. ಮೋಡವೂ ಬಂದೇ ಬರುತ್ತದೆ. ನಾವೂ ಅದನ್ನು ಒಪ್ಪಿಕೊಂಡೇ ಕಟ್ಟಬೇಕು.

ಪ್ಯಾನೆಲ್ ದೊಡ್ಡದು ಮಾಡುವುದು ಒಂದು ದಾರಿ. ಯಂತ್ರದ ಹಸಿವು ಕಡಿಮೆ ಮಾಡುವುದು ಇನ್ನೊಂದು, ಮತ್ತು ನನ್ನ ಪ್ರಕಾರ ಅದೇ ಮೊದಲು ಮಾಡಬೇಕಾದ ಕೆಲಸ. ಎಲ್ಲ ಸೆನ್ಸರ್‌ಗಳೂ ಒಂದೇ ಥರ ಅಲ್ಲ. ಮಳೆ ಅಳೆಯುವ ತೂಗುಬಟ್ಟಲಿನ ಮಾಪಕ ಬಟ್ಟಲು ಮಗುಚಿದಾಗೊಮ್ಮೆ ಒಂದು ಸ್ವಿಚ್ ತಾಗಿಸುತ್ತದೆ, ಅಷ್ಟೇ. ವಿದ್ಯುತ್ ಬಳಕೆ ಹೆಚ್ಚುಕಡಿಮೆ ಸೊನ್ನೆ. ಧೂಳಿನ ಕಣ ಎಣಿಸುವ ಲೇಸರ್ ಸೆನ್ಸರ್ ಹಾಗಲ್ಲ. ಅದರೊಳಗೆ ಪುಟ್ಟ ಫ್ಯಾನ್ ತಿರುಗುತ್ತಿರುತ್ತದೆ. 5 ವೋಲ್ಟಿನಲ್ಲಿ ಸುಮಾರು 80 ಮಿಲಿಆಂಪಿಯರ್ ಎಳೆಯುವ ಸೆನ್ಸರನ್ನು ದಿನವಿಡೀ ಚಾಲೂ ಇಟ್ಟರೆ ಅದೊಂದೇ ಹತ್ತಿರ ಹತ್ತಿರ 10 ವಾಟ್-ಗಂಟೆ ತಿನ್ನುತ್ತದೆ. ಅದನ್ನೇ ಹತ್ತು ನಿಮಿಷಕ್ಕೊಮ್ಮೆ ಎಬ್ಬಿಸಿ, ಅರ್ಧ ನಿಮಿಷ ಗಾಳಿ ಎಳೆಯಲು ಬಿಟ್ಟು, ಇನ್ನರ್ಧ ನಿಮಿಷ ಅಳೆದು ಮಲಗಿಸಿದರೆ ಒಂದು ವಾಟ್-ಗಂಟೆಯಲ್ಲಿ ದಿನ ಕಳೆಯುತ್ತದೆ. ಹೊಗೆ ಅಳೆಯಲು ಹತ್ತು ನಿಮಿಷಕ್ಕೊಂದು ಅಂಕಿ ಧಾರಾಳ ಸಾಕು. ಅನಿಲ ಪತ್ತೆ ಮಾಡುವ ಲೋಹದ ಆಕ್ಸೈಡ್ ಸೆನ್ಸರ್‌ಗಳಿಗೆ ಒಳಗೆ ಹೀಟರ್ ಇರುತ್ತದೆ. ಸಾಮಾನ್ಯವಾಗಿ ಅದನ್ನು ಬಿಸಿಯಾಗಿಯೇ ಇಡಬೇಕು, ಹಾಗಾಗಿ ಅವುಗಳ ಹಸಿವು ತಗ್ಗಿಸುವುದು ಕಷ್ಟ. ರಾಸಾಯನಿಕ ಕ್ರಿಯೆಯಿಂದ ನಡೆಯುವ ಎಲೆಕ್ಟ್ರೊಕೆಮಿಕಲ್ ಸೆನ್ಸರ್‌ಗಳಿಗೆ ಹೀಟರ್ ಬೇಡ. ಟೆಂಡರಿನಲ್ಲಿ ಬರೀ ಇಂಥ ಅನಿಲ ಅಳೆಯಬೇಕು ಅಂತ ಬರೆದು ಬಿಟ್ಟುಬಿಟ್ಟರೆ ಅಗ್ಗದ್ದೇ ಬರುತ್ತದೆ, ಮತ್ತು ಅದು ಬ್ಯಾಟರಿಯನ್ನು ತಿಂದುಹಾಕುತ್ತದೆ.

ಎಲ್ಲಕ್ಕಿಂತ ಜಾಸ್ತಿ ತಿನ್ನುವುದು ಸಾಮಾನ್ಯವಾಗಿ ಅಳತೆ ಅಲ್ಲ, ಅಳತೆಯನ್ನು ದೂರಕ್ಕೆ ಕಳಿಸುವ ಕೆಲಸ. ಇಲ್ಲಿ ನಡೆಯುವ ಒಂದು ಅನಾಹುತವನ್ನು ವಿವರವಾಗಿ ಹೇಳಲೇಬೇಕು. ಮೊಬೈಲ್ ಜಾಲದ ಮೂಲಕ ಅಂಕಿ ಕಳಿಸುವ 2ಜಿ ಮೋಡೆಮ್ ಎಂಬ ಉಪಕರಣ ಸಂದೇಶ ಕಳಿಸುವಾಗ ಕ್ಷಣಮಾತ್ರ 2 ಆಂಪಿಯರ್‌ವರೆಗೂ ಎಳೆಯುತ್ತದೆ. ಬ್ಯಾಟರಿ ತುಂಬಿದ್ದಾಗ ತೊಂದರೆ ಇಲ್ಲ. ಬ್ಯಾಟರಿ ಇಳಿದಿದ್ದಾಗ ಆ ಎಳೆತಕ್ಕೆ ವೋಲ್ಟೇಜ್ ದಿಢೀರ್ ಕುಸಿಯುತ್ತದೆ. ಯಂತ್ರದ ಮಿದುಳಾದ ಚಿಪ್ ಆಫ್ ಆಗುತ್ತದೆ. ಮೋಡೆಮ್ ಎಳೆಯುವುದು ನಿಂತ ಕೂಡಲೇ ವೋಲ್ಟೇಜ್ ಮೇಲೆ ಬರುತ್ತದೆ. ಚಿಪ್ ಮತ್ತೆ ಎದ್ದು, ಮೊದಲು ಮಾಡುವ ಕೆಲಸ ಏನು? ಮೋಡೆಮ್ ಆನ್ ಮಾಡುವುದು. ಮತ್ತೆ ಕುಸಿತ. ಮತ್ತೆ ಏಳುವುದು. ರಾತ್ರಿಯಿಡೀ ಹೀಗೇ ನಡೆದು, ಇದ್ದ ಚೂರುಪಾರು ಚಾರ್ಜ್ ಕೂಡ ಒಂದೂ ಅಂಕಿ ದಾಖಲಾಗದೆ ಖರ್ಚಾಗಿ ಹೋಗುತ್ತದೆ. ಸಿಗ್ನಲ್ ದುರ್ಬಲ ಇರುವ ಕಣಿವೆಗಳಲ್ಲಿ ಮೋಡೆಮ್ ಟವರ್ ಹುಡುಕುತ್ತಲೇ ಇರುವುದರಿಂದ ಇದು ಇನ್ನೂ ಬೇಗ ಆಗುತ್ತದೆ.

ಇದನ್ನು ತಡೆಯಲು ಹಣ ಬೇಕಿಲ್ಲ, ನಿಯಮ ಬೇಕು. ಪ್ರತಿ ಅಳತೆಯೂ ಮೊದಲು ಯಂತ್ರದೊಳಗಿನ ಮೆಮೊರಿಯಲ್ಲಿ ಬರೆದಿಡಬೇಕು, ಆಮೇಲೆ ಕಳಿಸುವ ಮಾತು. ಬ್ಯಾಟರಿ ಇಂತಿಷ್ಟು ಇಳಿದರೆ ಕಳಿಸುವುದನ್ನು ಕಡಿಮೆ ಮಾಡಬೇಕು. ಇನ್ನೂ ಇಳಿದರೆ ಕಳಿಸುವುದನ್ನೇ ನಿಲ್ಲಿಸಿ, ಅಳೆಯುವುದನ್ನು ಮಾತ್ರ ಮುಂದುವರಿಸಬೇಕು. ಕೊನೆಗೆ ಆಫ್ ಆಗಲೇಬೇಕಾಗಿ ಬಂದರೆ, ಬ್ಯಾಟರಿ ಚೆನ್ನಾಗಿ ತುಂಬಿದ ಮೇಲೆಯೇ ಮತ್ತೆ ಆನ್ ಆಗಬೇಕು. ಸುಮ್ನೆ ಒಂದು ಗೆರೆ ದಾಟಿದ ಕೂಡಲೇ ಆನ್ ಆಗಬಾರದು. ಪ್ರವಾಹದ ಎಚ್ಚರಿಕೆ ಕೊಡುವ ಕೇಂದ್ರವಾದರೆ ನಿಯಮ ಬೇರೆ ಥರ ಇರಬೇಕು ಎಂಬುದು ನಿಜ. ಅಲ್ಲಿ ಕಳಿಸದೆ ಇಟ್ಟುಕೊಂಡ ಅಂಕಿಯಿಂದ ಯಾರ ಜೀವವೂ ಉಳಿಯುವುದಿಲ್ಲ. ಅಲ್ಲಿ ಹೊಳೆ ಶಾಂತವಾಗಿದ್ದಾಗ ಅಪರೂಪಕ್ಕೆ ಕಳಿಸಿ, ಏರತೊಡಗಿದಾಗ ಪದೇ ಪದೇ ಕಳಿಸುವಂತೆ ಮಾಡಬೇಕು, ಮತ್ತು ಆ ಏರುವ ದಿನಗಳಿಗೆಂದೇ ಬ್ಯಾಟರಿಯಲ್ಲಿ ಒಂದು ಪಾಲು ಎತ್ತಿಡಬೇಕು. ಯಾವ ಕೇಂದ್ರ ಯಾವ ಬಗೆಯದು ಎಂದು ನಿರ್ಧರಿಸಬೇಕಾದವರು ನೀವು. ಅದನ್ನು ಗುತ್ತಿಗೆದಾರರ ಪ್ರೋಗ್ರಾಮರ್‌ಗೆ ಬಿಡಬೇಡಿ.

ಕಳಿಸುವ ದಾರಿಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎದುರಿಗೆ ಅಡೆತಡೆ ಇಲ್ಲದಿದ್ದರೆ ಲೋರಾ ಎಂಬ ರೇಡಿಯೊ ಕೆಲವೇ ಬೈಟ್‌ಗಳನ್ನು ಬಹಳ ಕಡಿಮೆ ವಿದ್ಯುತ್ತಿನಲ್ಲಿ ಕಿಲೋಮೀಟರುಗಟ್ಟಲೆ ದಾಟಿಸುತ್ತದೆ. ಯಾವ ಜಾಲವೂ ಇಲ್ಲದ ಕಡೆ ಇರಿಡಿಯಂನಂಥ ಉಪಗ್ರಹ ಜಾಲದ ಕಿರು ಸಂದೇಶ ಇದೆ. ಮಳೆ, ಮಟ್ಟ, ವೋಲ್ಟೇಜ್ ಕಳಿಸಲು ಕೆಲವು ಡಜನ್ ಬೈಟ್ ಸಾಕು. ಫೋಟೊ ಕಳಿಸುತ್ತೇವೆ, ವಿಡಿಯೊ ಕಳಿಸುತ್ತೇವೆ ಅಂದವರಿಗೆ ಅದರ ವಿದ್ಯುತ್ ಲೆಕ್ಕವನ್ನು ಪಕ್ಕದಲ್ಲೇ ಬರೆದುಕೊಡಲು ಹೇಳಿ.

ಗಡಿಯಾರದ ವಿಷಯ ಒಂದಿದೆ, ಚಿಕ್ಕದು, ಆದರೆ ನೋವು ಕೊಡುವಂಥದು. ಪೂರ್ತಿ ಆಫ್ ಆದ ಯಂತ್ರ ಮತ್ತೆ ಎದ್ದಾಗ ಅದಕ್ಕೆ ದಿನ, ಹೊತ್ತು ನೆನಪಿರುವುದಿಲ್ಲ. ಬಹಳಷ್ಟು ಯಂತ್ರಗಳು 1970ರ ಜನವರಿ 1 ಎಂದುಕೊಂಡು ಎಣಿಸಲು ಶುರು ಮಾಡುತ್ತವೆ. ಅಳತೆ ಸರಿಯಾಗಿಯೇ ಇರುತ್ತದೆ, ಆದರೆ ಅದು ಯಾವ ದಿನದ್ದು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಗಡಿಯಾರಕ್ಕೇ ನಾಣ್ಯದಾಕಾರದ ಒಂದು ಪುಟ್ಟ ಸೆಲ್ ಇಟ್ಟರೆ ಈ ತೊಂದರೆ ಇರುವುದಿಲ್ಲ.

ಈಗ ಅಂಕಿಗಳು ತಪ್ಪಿಹೋದರೆ ಆಗುವ ನಷ್ಟದ ಮಾತು. ವರ್ಷದಲ್ಲಿ ಹತ್ತು ದಿನ ತಾನೇ, ಶೇ. 97ರಷ್ಟು ದಿನಗಳ ಅಂಕಿ ಇದೆಯಲ್ಲ ಅಂತ ವರದಿಗಳಲ್ಲಿ ಹೆಮ್ಮೆಯಿಂದ ಬರೆಯುತ್ತಾರೆ. ಆ ಹತ್ತು ದಿನಗಳು ಚೀಟಿ ಎತ್ತಿ ಆರಿಸಿದ ದಿನಗಳಾಗಿದ್ದರೆ ಪರವಾಗಿಲ್ಲ ಎನ್ನಬಹುದಿತ್ತು. ಅವು ವರ್ಷದಲ್ಲೇ ಅತಿ ಹೆಚ್ಚು ಮಳೆಯಾದ ಹತ್ತು ದಿನಗಳು. ಅವನ್ನು ಬಿಟ್ಟು ಲೆಕ್ಕ ಹಾಕಿದರೆ ವರ್ಷದ ಮಳೆ ಕಡಿಮೆ ಕಾಣುತ್ತದೆ, ಹೊಳೆಯ ಗರಿಷ್ಠ ಮಟ್ಟ ಕಡಿಮೆ ಕಾಣುತ್ತದೆ. ಖಾಲಿ ಜಾಗವನ್ನು ಅಕ್ಕಪಕ್ಕದ ದಿನಗಳ ಸರಾಸರಿಯಿಂದ ತುಂಬಿಸಿಬಿಟ್ಟರೆ ಇನ್ನೂ ಕೆಟ್ಟದ್ದು, ಯಾಕೆಂದರೆ ಆಮೇಲೆ ಓದುವವರಿಗೆ ಅಲ್ಲೊಂದು ಖಾಲಿ ಇತ್ತು ಅಂತಲೂ ತಿಳಿಯುವುದಿಲ್ಲ. ಅದೇ ಅಂಕಿ ನೋಡಿಕೊಂಡು ಸೇತುವೆಯ ಎತ್ತರ ನಿಗದಿಯಾಗುತ್ತದೆ, ಚರಂಡಿಯ ಅಗಲ ನಿಗದಿಯಾಗುತ್ತದೆ, ಮನೆ ಕಟ್ಟಲು ಜಾಗ ಗುರುತಾಗುತ್ತದೆ. ಒಂದು ಸಣ್ಣ ಪ್ಯಾನೆಲ್‌ನ ಉಳಿತಾಯ ಎಲ್ಲಿಗೆ ಹೋಗಿ ಮುಟ್ಟುತ್ತದೆ ನೋಡಿ. ಇದನ್ನು ಬರೆಯುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಾಗಾಗಿ ಇನ್ನೊಂದು ಬೇಡಿಕೆ. ಬ್ಯಾಟರಿ ವೋಲ್ಟೇಜನ್ನೂ ಒಂದು ಅಳತೆ ಅಂತಲೇ ಪರಿಗಣಿಸಿ. ಮಳೆ, ಮಟ್ಟ, ಹೊಗೆಯ ಅಂಕಿಗಳನ್ನು ಜನರಿಗೆ ತೋರಿಸುವಾಗ ಅದನ್ನೂ ಪಕ್ಕದಲ್ಲಿ ತೋರಿಸಿ. ಎಷ್ಟೋ ಯಂತ್ರಗಳು ಅದನ್ನು ಈಗಾಗಲೇ ಕಳಿಸುತ್ತಿವೆ, ನೋಡುವವರು ಇಲ್ಲ ಅಷ್ಟೇ. ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ಎಳೆದರೆ ಆ ಒಂದು ಗೆರೆಯಲ್ಲಿ ಕೇಂದ್ರದ ಇಡೀ ಆರೋಗ್ಯ ಓದಬಹುದು. ಹಗಲಲ್ಲಿ ಏರಿ ರಾತ್ರಿ ಸ್ವಲ್ಪ ಇಳಿದರೆ ಎಲ್ಲ ಸರಿ ಇದೆ. ಹಗಲಲ್ಲಿ ಏರುವುದೇ ನಿಧಾನವಾದರೆ ಪ್ಯಾನೆಲ್ ಮೇಲೆ ಕೊಳೆ ಕೂತಿದೆ, ಇಲ್ಲವೇ ಕೊಂಬೆ ಬೆಳೆದು ನೆರಳು ಬಿದ್ದಿದೆ. ದಿನದ ಒಂದೇ ಹೊತ್ತಿಗೆ ಗೆರೆ ಕುಗ್ಗುತ್ತಿದ್ದರೆ ಅದು ನೆರಳೇ, ಅನುಮಾನ ಬೇಡ. ಹಗಲು ಪೂರ್ತಿ ಏರಿ ರಾತ್ರಿ ಭರ್ರನೆ ಇಳಿದರೆ ಬ್ಯಾಟರಿ ಮುದಿಯಾಗಿದೆ. ಬಿಸಿಲಿದ್ದ ಮಧ್ಯಾಹ್ನವೇ ಇದ್ದಕ್ಕಿದ್ದಂತೆ ಏರಿಕೆ ನಿಂತರೆ ತಂತಿ ಕಡಿದಿರಬೇಕು, ಇಲಿ ಕಚ್ಚಿರಬೇಕು, ಅಥವಾ ಪ್ಯಾನೆಲ್ ಕಳುವಾಗಿರಬೇಕು. ಮುದಿ ಬ್ಯಾಟರಿ ಸಾಯುವ ಮುಂಚೆ ತಿಂಗಳುಗಟ್ಟಲೆ ಹೀಗೆ ಹೇಳುತ್ತಲೇ ಇರುತ್ತದೆ. ಮಳೆಗಾಲಕ್ಕೆ ಮುಂಚೆ ಒಬ್ಬರು ಕೂತು ಎಲ್ಲ ಕೇಂದ್ರಗಳ ಗೆರೆ ನೋಡಿದರೆ ಯಾವುದಕ್ಕೆ ಹೊಸ ಬ್ಯಾಟರಿ ಒಯ್ಯಬೇಕು ಅಂತ ಪಟ್ಟಿ ಸಿಗುತ್ತದೆ.

ಜಾಗದ ಆಯ್ಕೆಯಲ್ಲೂ ಕಣ್ಣಿಡಿ. 12 ವೋಲ್ಟಿನ ಪ್ಯಾನೆಲ್‌ಗಳಲ್ಲಿ ಸಾಮಾನ್ಯವಾಗಿ 36 ಕೋಶಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಒಂದೇ ಕೋಶದ ಮೇಲೆ ಎಲೆ ಬಿದ್ದರೂ, ಹಕ್ಕಿ ಹಿಕ್ಕೆ ಹಾಕಿದರೂ ಇಡೀ ಸಾಲಿನ ಹರಿವು ತಗ್ಗುತ್ತದೆ. ಪ್ಯಾನೆಲ್ಲನ್ನು ಮಟ್ಟಸವಾಗಿ ಮಲಗಿಸಬೇಡಿ. ಹತ್ತು ಹದಿನೈದು ಡಿಗ್ರಿಯಾದರೂ ವಾಲಿಸಿದರೆ ಮಳೆಯೇ ತೊಳೆಯುತ್ತದೆ. ಹಿಮ ಬೀಳುವ ಕಡೆ ಇನ್ನೂ ಕಡಿದಾಗಿ ನಿಲ್ಲಿಸಿದರೆ ಹಿಮ ಜಾರುತ್ತದೆ, ಚಳಿಗಾಲದ ತಗ್ಗಿದ ಸೂರ್ಯನೂ ಸರಿಯಾಗಿ ಸಿಗುತ್ತಾನೆ. ಬಿಸಿಲಲ್ಲಿ ಕೋಶ 60 ಡಿಗ್ರಿಗೆ ಬಿಸಿಯಾಗುವುದು ಮಾಮೂಲು. 25 ದಾಟಿದ ಪ್ರತಿ ಡಿಗ್ರಿಗೂ ಸುಮಾರು ಶೇ. 0.4 ಶಕ್ತಿ ಕಳೆಯುತ್ತದೆ, ಹಿಂದೆ ಗಾಳಿ ಆಡಲು ಜಾಗ ಬಿಡಬೇಕು.

ಬ್ಯಾಟರಿಗೂ ಬಿಸಿ ಆಗದು. ಸೀಸದ ಬ್ಯಾಟರಿಯ ಆಯಸ್ಸು 25 ಡಿಗ್ರಿಗಿಂತ ಮೇಲೆ ಪ್ರತಿ 10 ಡಿಗ್ರಿಗೆ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಅಂಥದ್ದನ್ನು ಕಬ್ಬಿಣದ ಡಬ್ಬಿಯಲ್ಲಿ ಹಾಕಿ ಬಿಸಿಲಿಗೆ ನೇತುಹಾಕಿರುವುದನ್ನು ಎಲ್ಲೆಲ್ಲೂ ನೋಡುತ್ತೇವೆ. ಬಿಳಿ ಬಣ್ಣದ ಡಬ್ಬಿಯನ್ನು ಪ್ಯಾನೆಲ್‌ನ ನೆರಳಿನಲ್ಲೇ ಇಟ್ಟರೆ ಮುಗಿಯಿತು, ಅದಕ್ಕೆ ಬೇರೆ ಖರ್ಚಿಲ್ಲ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಗುರ, ಅದನ್ನು ಆಳವಾಗಿ ಇಳಿಸಬಹುದು, ಬಾಳಿಕೆಯೂ ಜಾಸ್ತಿ. ಹೊತ್ತು ನಡೆಯಬೇಕಾದ ಜಾಗಗಳಿಗೆ ನನ್ನ ಮತ ಅದಕ್ಕೇ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಿದರೆ ಒಳಗೆ ಲೋಹ ಕೂತು ಹಾಳಾಗುತ್ತದೆ. ಹಿಮದ ಜಾಗಗಳಲ್ಲಿ ಆ ಚಳಿಗೆ ಚಾರ್ಜ್ ತಡೆಯುವ ಕಂಟ್ರೋಲರ್ ಬೇಕೇ ಬೇಕು.

ಇಷ್ಟೆಲ್ಲ ಸರಿ ಮಾಡಿದರೂ ನೋಡಿಕೊಳ್ಳುವವರು ಇಲ್ಲದಿದ್ದರೆ ಉಪಯೋಗವಿಲ್ಲ. ಉಷ್ಣವಲಯದ ಪೆಸಿಫಿಕ್ ಸಾಗರದಲ್ಲಿ ಎಲ್ ನಿನೊವನ್ನು (ಅಲ್ಲಿನ ನೀರು ಬಿಸಿಯೇರಿ ಜಗತ್ತಿನ ಹವಾಮಾನ ಏರುಪೇರಾಗುವುದನ್ನು) ಗಮನಿಸಲು ಸುಮಾರು 70 ತೇಲು ಕೇಂದ್ರಗಳ ಸಾಲು 1994ರಲ್ಲಿ ಪೂರ್ಣಗೊಂಡಿತು. ಅವು ನಡೆಯುವುದು ಬಿಸಿಲಿನಿಂದಲ್ಲ, ಬ್ಯಾಟರಿಯಿಂದ. ಆದರೂ ಪಾಠ ಒಂದೇ. ಅವನ್ನು ನೋಡಿಕೊಳ್ಳುತ್ತಿದ್ದ ಹಡಗನ್ನು 2012ರಲ್ಲಿ ಸೇವೆಯಿಂದ ತೆಗೆದರು. 2014ರ ಆರಂಭದ ಹೊತ್ತಿಗೆ ಆ ಸಾಲಿನಿಂದ ಬರುತ್ತಿದ್ದ ಅಂಕಿಗಳು ಶೇ. 40ರ ಆಸುಪಾಸಿಗೆ ಇಳಿದಿದ್ದವು. ಯಂತ್ರಗಳು ಅವೇ, ಸಮುದ್ರ ಅದೇ. ಹೋಗಿ ನೋಡುವವರು ಇರಲಿಲ್ಲ. ಕೇಂದ್ರ ಉದ್ಘಾಟನೆಯಾದ ವರ್ಷ ಹಣ ಇರುತ್ತದೆ, ಮೂರನೇ ವರ್ಷ ಬ್ಯಾಟರಿ ಬದಲಿಸಲು ಇರುವುದಿಲ್ಲ. ಇದು ಬದಲಾಗಬೇಕು. ನೂರು ಕೇಂದ್ರ ಕಟ್ಟಿ ನಲವತ್ತು ನಡೆಸುವುದಕ್ಕಿಂತ ಅರವತ್ತು ಕಟ್ಟಿ ಅರವತ್ತನ್ನೂ ನಡೆಸಿ. ಕಟ್ಟುವ ಹಣ ಮತ್ತು ಹತ್ತು ವರ್ಷ ನಡೆಸುವ ಹಣ ಒಂದೇ ಆದೇಶದಲ್ಲಿ ಮಂಜೂರಾಗಲಿ.

ಹತ್ತಿರದಲ್ಲಿ ಜನವಸತಿ ಇದ್ದರೆ ಅಲ್ಲಿಯ ಒಬ್ಬರಿಗೆ ಸಂಬಳ ಕೊಟ್ಟು ಪ್ಯಾನೆಲ್ ಒರೆಸುವ, ಕೊಂಬೆ ಸವರುವ, ಏನಾದರೂ ಆದರೆ ಫೋನ್ ಮಾಡುವ ಕೆಲಸ ಒಪ್ಪಿಸಿ. ಉಚಿತ ಸೇವೆ ಕೇಳಬೇಡಿ, ದುಡ್ಡು ಕೊಡಿ. ಮತ್ತು ಆ ಯಂತ್ರ ಏನು ಅಳೆಯುತ್ತದೆ ಅಂತ ಅವರ ಭಾಷೆಯಲ್ಲಿ ಅಲ್ಲೇ ಒಂದು ಬೋರ್ಡ್ ಹಾಕಿ, ಅಳತೆಯನ್ನು ಅವರಿಗೇ ಮೊದಲು ತಿಳಿಸಿ. ತಮ್ಮ ಹೊಳೆಯ ಮಟ್ಟ ತಮಗೆ ಹೇಳುವ ಯಂತ್ರವನ್ನು ಕಾಯಲು ಜನರಿಗೆ ಕಾರಣ ಇರುತ್ತದೆ. ಏನು ಎತ್ತ ಗೊತ್ತಿಲ್ಲದ ಬೀಗ ಹಾಕಿದ ಡಬ್ಬಿಯನ್ನು ಕಾಯಲು ಏನಿದೆ?

ಹಳೆಯ ಬ್ಯಾಟರಿಗಳನ್ನು ಅಲ್ಲೇ ಬಿಟ್ಟು ಬರುವ ಅಭ್ಯಾಸವನ್ನು ಕೂಡ ನಿಲ್ಲಿಸಬೇಕು. ನೀರಿನ ಗುಣ ಅಳೆಯುವ ಕೇಂದ್ರದ ಬುಡದಲ್ಲಿ ಸೀಸ ಮತ್ತು ಆಮ್ಲ ತುಂಬಿದ ಡಬ್ಬಿಗಳು ಬಿದ್ದಿರಬಾರದು. ಒಯ್ದವರೇ ಹೊತ್ತು ತಂದು ಮರುಬಳಕೆಗೆ ಒಪ್ಪಿಸಿದ ರಸೀದಿ ಇದ್ದರೆ ಮಾತ್ರ ಬಿಲ್ ಪಾಸ್ ಆಗಲಿ.

ಮುಂದಿನ ಟೆಂಡರ್ ಬರೆಯುವ ಮೊದಲು ಒಂದು ಕೆಲಸ ಮಾಡಿ. ಈಗ ನಿಂತಿರುವ ಕೇಂದ್ರಗಳ ಕಳೆದ ವರ್ಷದ ದಾಖಲೆ ತರಿಸಿ. ಅಂಕಿ ಇಲ್ಲದ ದಿನಗಳಿಗೆಲ್ಲ ಗುರುತು ಹಾಕಿ. ಹತ್ತಿರದ ಬೇರೆ ಯಾವುದಾದರೂ ಮಾಪಕದ ಮಳೆಯ ಅಂಕಿಯನ್ನು ಅದರ ಪಕ್ಕ ಇಡಿ. ಖಾಲಿ ದಿನಗಳು ಮತ್ತು ಜೋರು ಮಳೆಯ ದಿನಗಳು ಒಂದರ ಮೇಲೊಂದು ಕೂತರೆ, ಹೊಸ ಟೆಂಡರಿನಲ್ಲಿ ವರ್ಷದ ಸರಾಸರಿ ಬಿಸಿಲು ಎಂದಿರುವ ಸಾಲನ್ನು ಹೊಡೆದು ಹಾಕಿ, ಅತಿ ಮೋಡದ ತಿಂಗಳ ಬಿಸಿಲು ಮತ್ತು ಬೆಳಕಿಲ್ಲದ ಹತ್ತು ದಿನ ಎಂದು ಬರೆಯಿರಿ. ಆ ಹೋಲಿಕೆಯ ಫಲಿತಾಂಶ ಏನೇ ಬಂದರೂ ಅದನ್ನು ಜನರ ಮುಂದೆ ಇಡಿ ಎಂದು ಕೇಳಿಕೊಳ್ಳುತ್ತೇನೆ. ಗೆರೆಗಳನ್ನು ಓದಲು, ವಿದ್ಯುತ್ತಿನ ಲೆಕ್ಕ ಹಾಕಲು ನಿಮ್ಮ ಸಿಬ್ಬಂದಿಗೆ ಸಹಾಯ ಬೇಕಾದರೆ ನಾನು ಮತ್ತು ನನ್ನಂಥ ಕೆಲಸ ಮಾಡುವ ಅನೇಕರು ಕೂತು ಹೇಳಿಕೊಡಲು ಸಿದ್ಧರಿದ್ದೇವೆ.

ಇಂತಿ,
ದೂರದ ಮಾಪನ ಕೇಂದ್ರಗಳ ನಿರ್ವಹಣೆಯಲ್ಲಿರುವ ಒಬ್ಬ ತಂತ್ರಜ್ಞ